ಜೆನಿಫರ್ ವಿವ್ಯನ್ ಅವರನ್ನು ಕೇಳೋಕೆ ಈ ಎರಡು ಸಿಡಿ

ಹಳೇ ಸಿಡಿ ಮಾರುವವರೊಬ್ಬರಿಂದ ತರಿಸಿದೆ. ಡಬ್ಬಿಯ ಮುಚ್ಚಳ ಸೀಳಿಕೊಂಡೇ ಬಂತು. ಪುಣ್ಯಕ್ಕೆ ಎರಡೂ ಸಿಡಿಯಲ್ಲಿ ಒಂದು ಗೀರೂ ಇಲ್ಲ. ಇಂಗ್ಲಿಷ್ ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ ಅವರ ‘ದ ಟರ್ನ್ ಆಫ್ ದ ಸ್ಕ್ರೂ’ ಆಪೆರಾ (ಹಾಡಿನಲ್ಲೇ ಸಾಗುವ ನಾಟಕ), ದೆವ್ವದ ಕಥೆ. ಡೆಕ್ಕಾ ಕಂಪನಿಯ 1955ರ ರೆಕಾರ್ಡಿಂಗ್. ವಾದ್ಯವೃಂದ ನಡೆಸಿರುವುದು ಬ್ರಿಟನ್ ಅವರೇ. ಆದರೆ ನಾನು ತರಿಸಿದ್ದು ಗವರ್ನೆಸ್ (ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳುವಾಕೆ) ಪಾತ್ರದ ಗಾಯಕಿ ಜೆನಿಫರ್ ವಿವ್ಯನ್ ಅವರಿಗೋಸ್ಕರ.

ಕೆಂಟ್‌ನ ಬ್ರಾಡ್‌ಸ್ಟೇರ್ಸ್‌ನಲ್ಲಿ 1925ರಲ್ಲಿ ಹುಟ್ಟಿದವರು. ಶುರುವಿನಲ್ಲಿ ಮೆಝೋ (ಹೆಣ್ಣಿನ ಮಧ್ಯಮ ಎತ್ತರದ ದನಿ), ಆಮೇಲೆ ಸೊಪ್ರಾನೋ (ಅತಿ ಎತ್ತರದ ದನಿ). 1951ರಲ್ಲಿ ಜಿನೀವಾ ಸಂಗೀತ ಸ್ಪರ್ಧೆ ಗೆದ್ದರು. 1954ರ ಸೆಪ್ಟೆಂಬರ್ 14ರಂದು ವೆನಿಸ್‌ನ ಲಾ ಫೆನೀಚೆ ರಂಗಮಂದಿರದಲ್ಲಿ ಈ ಆಪೆರಾ ಮೊದಲ ಸಲ ರಂಗಕ್ಕೆ ಬಂದಾಗ ಗವರ್ನೆಸ್ ಆಗಿದ್ದವರು ಇವರೇ. ಕೆಲವೇ ತಿಂಗಳಿಗೆ ರೆಕಾರ್ಡಿಂಗ್ ಆಗಿದೆ. ಪಾತ್ರ ಇನ್ನೂ ಮೈಮೇಲೆ ಇದ್ದ ಹಾಗೇ ಹಾಡಿದ್ದಾರೆ.

ಮೊದಲ ದೃಶ್ಯದಲ್ಲೇ ಗೊತ್ತಾಗುತ್ತದೆ. ಗಾಡಿ ಸಾಗುತ್ತಿದೆ, ಕೆಳಗೆ ಡ್ರಮ್ ಬಡಿತ. ಮಕ್ಕಳಿಗೆ ನಾನು ಇಷ್ಟ ಆಗ್ತೀನಾ, ಯಾಕಾದ್ರೂ ಬಂದೆ ಅಂತ ಗವರ್ನೆಸ್ ತನ್ನಷ್ಟಕ್ಕೆ ಕೇಳಿಕೊಳ್ಳುತ್ತಾಳೆ. ವಿವ್ಯನ್ ಇಲ್ಲಿ ದನಿ ಎತ್ತುವುದೇ ಇಲ್ಲ. ಮಾತು ಮೆಲ್ಲಗೆ ಸ್ವರವಾಗುತ್ತಾ ಹೋಗುತ್ತದೆ. ನಾನು ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತವಳು. ಸ್ವರ ಹಿಡಿದು ನಿಲ್ಲುವಾಗ ಅದರೊಳಗೆ ಭಯ ತುಂಬುವುದು ಎಷ್ಟು ಕಷ್ಟ ಅಂತ ಗೊತ್ತು. ಶ್ರುತಿ ಒಂದೆಳೆಯೂ ಸರಿಯುವುದಿಲ್ಲ, ಆದ್ರೂ ಕೇಳುವವರ ಎದೆ ನಡುಗುತ್ತದೆ.

ಕೊನೆಯ ಹತ್ತು ನಿಮಿಷವಂತೂ ಕೇಳಲೇಬೇಕು. ಹುಡುಗ ಮೈಲ್ಸ್ ಪಾಠದ ಹೊತ್ತಲ್ಲಿ ಹಾಡಿದ್ದ ‘ಮಾಲೋ’ ಅನ್ನುವ ಪುಟ್ಟ ಹಾಡು ಇದೆಯಲ್ಲ, ಅವನು ಸತ್ತ ಮೇಲೆ ಅದನ್ನೇ ಆಕೆ ಅವನ ಮೇಲೆ ಬಾಗಿ ಹಾಡುತ್ತಾಳೆ. ಮಗುವಿನ ಆಟದ ಹಾಡು ತಾಯಿಯ ಅಳುವಾಗುತ್ತದೆ. ಮೈಲ್ಸ್ ಆಗಿ ಹಾಡಿದ ಹುಡುಗ ಡೇವಿಡ್ ಹೆಮಿಂಗ್ಸ್, ಮುಂದೆ ಸಿನಿಮಾ ನಟ ಆದವರು. ಅವರ ಎಳೇ ದನಿಯೂ ಮರೆಯುವಂಥದ್ದಲ್ಲ. ಕ್ವಿಂಟ್ ಅನ್ನುವ ದೆವ್ವದ ಪಾತ್ರಕ್ಕೆ ಪೀಟರ್ ಪಿಯರ್ಸ್.

ಧ್ವನಿ ಮೋನೋ, ಅಂದರೆ ಎಡ-ಬಲ ಬೇರೆ ಮಾಡದ ಒಂದೇ ಧ್ವನಿ. ಸ್ಟೀರಿಯೋ ಬೇಕೇ ಬೇಕು ಅನ್ನುವವರಿಗೆ ಚಪ್ಪಟೆ ಅನ್ನಿಸಬಹುದು. ವಾದ್ಯದವರು ಬರೀ 13 ಜನ, ಹಾಗಾಗಿ ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತದೆ. ನನಗಂತೂ ಅದು ಕೊರತೆ ಅನ್ನಿಸಲಿಲ್ಲ.

ಒಂದು ಸಂಕಟ ಮಾತ್ರ ಇದೆ. 1960ರಲ್ಲಿ ಇಂಗ್ಲೆಂಡಿನ ಆಲ್ಡ್‌ಬರಾದಲ್ಲಿ ಬ್ರಿಟನ್ ಅವರ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ಮೊದಲು ಆಡಿದಾಗ ಯಕ್ಷರಾಣಿ ಟೈಟಾನಿಯಾ ಆಗಿದ್ದವರೂ ವಿವ್ಯನ್. ಮುಂದೆ ಡೆಕ್ಕಾ ಅದನ್ನು ರೆಕಾರ್ಡ್ ಮಾಡಿದಾಗ ಆ ಪಾತ್ರ ಎಲಿಜಬೆತ್ ಹಾರ್ವುಡ್ ಅವರಿಗೆ ಹೋಯಿತು. ಹಾರ್ವುಡ್ ಚೆನ್ನಾಗಿಯೇ ಹಾಡಿದ್ದಾರೆ. ಆದ್ರೂ ವಿವ್ಯನ್ ಹೇಗೆ ಹಾಡಿರಬಹುದು ಅಂತ ಮನಸ್ಸು ಹುಡುಕುತ್ತದೆ, ಅಲ್ವಾ? 1974ರಲ್ಲಿ, 49ಕ್ಕೇ ತೀರಿಕೊಂಡರು. ಅದಕ್ಕೇ ಈ ಸೆಟ್ ನನಗೆ ಇಷ್ಟು ಮುಖ್ಯ.

ದೆವ್ವದ ಕಥೆ ಬೇಡ ಅನ್ನುವವರು ಥಾಮಸ್ ಬೀಚಮ್ ವಾದ್ಯವೃಂದ ನಡೆಸಿದ 1959ರ ‘ಮೆಸಾಯಾ’ (ಹ್ಯಾಂಡೆಲ್ ಅವರ ಧಾರ್ಮಿಕ ಗಾಯನ ಕೃತಿ) ರೆಕಾರ್ಡಿಂಗಿನಲ್ಲಿ ವಿವ್ಯನ್ ಅವರನ್ನು ಕೇಳಿ. ಇದನ್ನೇ ಕೊಳ್ಳುವುದಾದರೆ ಹಾಡಿನ ಸಾಹಿತ್ಯದ ಪುಸ್ತಕ ಡಬ್ಬಿಯೊಳಗೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಮೊದಲ ಸಲ ಕೇಳುವಾಗ ಅದು ಕೈಯಲ್ಲಿರಬೇಕು.