ಅಡಿಕೆ ಹಾಳೆ ಕತ್ತರಿಸುವ ಮಿಷನ್ ತಗೊಳ್ಳಬಹುದಾ?

ಪುತ್ತೂರು, ಸುಳ್ಯ ಕಡೆ ದನ ಸಾಕುವವರಿಗೆ ಬೈಹುಲ್ಲಿನ ರೇಟು ಕೇಳಿದರೆ ತಲೆಬಿಸಿ. ಗದ್ದೆಗಳೆಲ್ಲ ತೋಟ ಆಗಿವೆ, ಹುಲ್ಲು ಘಟ್ಟದ ಮೇಲಿಂದ ಲಾರಿಯಲ್ಲಿ ಬರಬೇಕು. ಇತ್ತ ಅಡಿಕೆ ತೋಟದಲ್ಲಿ ಬಿದ್ದ ಹಾಳೆಯನ್ನು, ಅಂದರೆ ಸೋಗೆಯ ಬುಡದ ಅಗಲವಾದ ಪೊರೆಯನ್ನು, ಗೆದ್ದಲು ತಿನ್ನುತ್ತಿರುತ್ತದೆ; ಅದನ್ನೇ ಕತ್ತರಿಸಿ ದನಕ್ಕೆ ಹಾಕಬಹುದು. ಎಕರೆಗೆ 500ಕ್ಕೂ ಜಾಸ್ತಿ ಮರ, ಒಂದೊಂದು ಮರದಿಂದ ವರ್ಷಕ್ಕೆ 5-6 ಹಾಳೆ, ನೀವೇ ಲೆಕ್ಕ ಹಾಕಿ.

ಹಾಳೆ ದನಕ್ಕೆ ಆಗುತ್ತದಾ ಅನ್ನುವ ಅನುಮಾನ ಬೇಡ. ಮೊದಲೆಲ್ಲ ಮೆಟ್ಟುಕತ್ತಿಯಲ್ಲಿ ಸೀಳಿ ಹಾಕುತ್ತಿದ್ದರು. ಬೆಂಗಳೂರಿನ ಆಡುಗೋಡಿಯಲ್ಲಿರುವ ಪಶು ಪೋಷಣೆ ಸಂಸ್ಥೆಯವರೂ ಪರೀಕ್ಷೆ ಮಾಡಿ, ಬೈಹುಲ್ಲಿನ ಬದಲು ಕೊಡಬಹುದು ಅಂದಿದ್ದಾರೆ. ಆದರೆ ಬೈಹುಲ್ಲಿನ ಬದಲು ಮಾತ್ರ. ಹಸಿಹುಲ್ಲು, ಹಿಂಡಿ ನಿಲ್ಲಿಸಿ ಹಾಳೆ ಮೇಲೇ ಹಾಲು ಕರೆಯುತ್ತೇನೆ ಅಂತ ಹೊರಟರೆ ಆಗುವ ಕೆಲಸ ಅಲ್ಲ.

ಈಗ ಮಿಷನ್ ವಿಷಯ. ನಮ್ಮದು 2 ಎಚ್‌ಪಿ ಮೋಟರಿನದ್ದು, ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲೇ ಓಡುತ್ತದೆ. ಒಣಗಿದ ಹಾಳೆ ಕೊಟ್ಟರೆ ಸಣ್ಣ ಸಣ್ಣ ಚೂರು ಮಾಡಿ ಆಚೆ ಎಸೆಯುತ್ತದೆ, ಕೆಲಸ ಚೆನ್ನಾಗಿದೆ. ಒದ್ದೆ ಹಾಳೆ ಕೊಟ್ಟಿರೋ, ನಾರು ಶಾಫ್ಟಿಗೆ ಸುತ್ತಿಕೊಂಡು ಮೋಟರ್ ಗುಂಯ್ ಅಂತ ನಿಂತುಬಿಡುತ್ತದೆ, ಆಮೇಲೆ ಕರೆಂಟು ತೆಗೆದು ಕತ್ತಿಯಲ್ಲಿ ಕೊಯ್ದು ಕೊಯ್ದು ಬಿಡಿಸಬೇಕು. ಮಾರುವವನು ಇದನ್ನು ಹೇಳಲೇ ಇಲ್ಲ. ಬ್ಲೇಡು ಬೇಗ ಮೊಂಡಾಗುತ್ತದೆ, ಹಾಳೆಗೆ ಅಂಟಿದ ಮಣ್ಣು ಕೊಡವದಿದ್ದರೆ ಇನ್ನೂ ಬೇಗ. ಹೊಸ ಬ್ಲೇಡು ಕೇಳಿದರೆ ಅಂಗಡಿಯವನದು "ಮುಂದಿನ ವಾರ ಬರುತ್ತದೆ" ಅನ್ನುವ ಒಂದೇ ಪಾಠ. ಹಾಳೆ ತಳ್ಳುವ ತಟ್ಟೆ ಗಿಡ್ಡ, ಕೈ ಬ್ಲೇಡಿಗೆ ತೀರಾ ಹತ್ತಿರ ಹೋಗುತ್ತದೆ. ನಾವು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಸೇರಿಸಿ ಉದ್ದ ಮಾಡಿಸಿದೆವು. ಕೊಂಡ ದಿನವೇ ಮಾಡಿಸಿಬಿಡಿ.

ದನ ಮೊದಮೊದಲು ಮೂಸಿ ಮುಖ ತಿರುಗಿಸುತ್ತದೆ. ಸ್ವಲ್ಪ ಬೆಲ್ಲದ ನೀರು ಚಿಮುಕಿಸಿ ಬೈಹುಲ್ಲಿನ ಜೊತೆ ಬೆರೆಸಿ, ದಿನಾ ಒಂದಿಷ್ಟು ಜಾಸ್ತಿ ಮಾಡುತ್ತಾ ಹೋದರೆ ತಿನ್ನುತ್ತದೆ. ನಮ್ಮಲ್ಲಿ ಒಂದು ಜೆರ್ಸಿ ಮಾತ್ರ ಇವತ್ತಿಗೂ ಹುಲ್ಲು ಆರಿಸಿಕೊಂಡು ಹಾಳೆ ಬಿಡುತ್ತದೆ, ಅದರ ಗಮ್ಮತ್ತೇ ಬೇರೆ.

ಮಳೆಗಾಲದ ಹಾಳೆ ಮಾತ್ರ ಮುಟ್ಟಬೇಡಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆದಿರುತ್ತೇವಲ್ಲ, ಆ ಮೈಲುತುತ್ತಿನ ತಾಮ್ರ ಹಾಳೆ ಮೇಲೂ ಕೂತಿರುತ್ತದೆ. ತಾಮ್ರ ಜಾಸ್ತಿಯಾದರೆ ದನಕ್ಕೆ ವಿಷ, ಕುರಿಗಂತೂ ಸ್ವಲ್ಪವೇ ಸಾಕು. ಬೂಸ್ಟು ಹಿಡಿದದ್ದೂ ಬೇಡ. ಬೇಸಿಗೆಯಲ್ಲಿ ಬಿದ್ದದ್ದನ್ನು ಆಗಾಗ ಹೆಕ್ಕಿ, ಒಣಗಿಸಿ, ಅಟ್ಟದಲ್ಲಿಟ್ಟರೆ ಮಳೆಗಾಲಕ್ಕೂ ಆಗುತ್ತದೆ.

ಸ್ವಂತ ತೋಟ ಇದ್ದು, ಕೊಟ್ಟಿಗೆಯಲ್ಲಿ ಮೂರ್ನಾಲ್ಕು ದನ ಇದ್ದರೆ ಧಾರಾಳವಾಗಿ ತಗೊಳ್ಳಿ. ಒಂದೇ ದನಕ್ಕಾದರೆ ಸುಮ್ನೆ ದುಡ್ಡು ದಂಡ, ಮೆಟ್ಟುಕತ್ತಿ ಸಾಕು. ಹಾಳೆ ತಟ್ಟೆ ಮಾಡುವವರಿಗೆ ಒಳ್ಳೆ ರೇಟಿಗೆ ಹಾಳೆ ಕೊಡುತ್ತಿರುವವರು ಅಗಲದ ಹಾಳೆ ಅವರಿಗೇ ಕೊಡಿ, ಹರಿದದ್ದು, ಗಿಡ್ಡದ್ದು ಮಿಷನ್ನಿಗೆ ಹಾಕಿ. ತರುವಾಗಲೇ ಇನ್ನೊಂದು ಸೆಟ್ ಬ್ಲೇಡು ಸೇರಿಸಿ ಬಿಲ್ ಮಾಡಿಸಿ, ಇಲ್ಲ ಅಂದರೆ ಬೇರೆ ಅಂಗಡಿ ನೋಡಿ.