ಆಫ್ರಿಕಾದ ಕಲಹಾರಿ ಮರುಭೂಮಿಗೆ ಹೋಗುವುದಾದರೆ ಯಾವ ಕಡೆ?

ಮೊದಲ ಸಲವಾದರೆ ದಕ್ಷಿಣ ಆಫ್ರಿಕಾ-ಬೋಟ್ಸ್ವಾನಾ ಗಡಿಯ ವನ್ಯಧಾಮವಾದ ಕಗಲಗಾಡಿ ಪಾರ್ಕಿಗೇ ಹೋಗಿ, ಅದರಲ್ಲೂ ದಕ್ಷಿಣ ಆಫ್ರಿಕಾದ ಕಡೆಯಿಂದ. ಕೆಂಪು ಮರಳುದಿಬ್ಬಗಳ ನಡುವೆ, ಒಣಗಿದ ನದಿಪಾತ್ರದಲ್ಲೇ ದಾರಿ. ಬೇಸಿಗೆಯ ಬಿಸಿಲು ಸುಡುತ್ತದೆ, ಮೇಯಿಂದ ಸೆಪ್ಟೆಂಬರ್, ಅಂದರೆ ಅಲ್ಲಿನ ತಂಪುಕಾಲ, ವಾಸಿ. ಮರದಲ್ಲಿ ಹುಲ್ಲಿನ ಬಣವೆಯಂಥ ಗೂಡು ಕಂಡರೆ ಗಾಡಿ ನಿಲ್ಲಿಸಿ. ಅಡಿಯಿಂದ ನೋಡಿದರೆ ತೂತೋ ತೂತು, ಒಂದೊಂದೂ ವೀವರ್ ಹಕ್ಕಿಯ ಬಾಗಿಲು!

ಇನ್ನೊಂದು ಬೋಟ್ಸ್ವಾನಾದ ಸೆಂಟ್ರಲ್ ಕಲಹಾರಿ ವನ್ಯಧಾಮ, ಸುಮಾರು 52,800 ಚದರ ಕಿ.ಮೀ. ಬಯಲು. ಫೋರ್ ವೀಲ್ ಡ್ರೈವ್ ಬೇಕೇ ಬೇಕು. ನೀರು, ಇಂಧನ ನೀವೇ ಒಯ್ಯಬೇಕು. ಮಳೆಗೆ ಹುಲ್ಲು ಚಿಗುರಿದಾಗ ಜಿಂಕೆಗಳು, ಅವುಗಳ ಹಿಂದೆ ಕಪ್ಪು ಕೇಸರದ ಸಿಂಹಗಳು.

ಎರಡೂ ಇಲ್ಲಿನ ಮೂಲನಿವಾಸಿಗಳಾದ ಸಾನ್ ಜನರ ನೆಲ. ಕಗಲಗಾಡಿಯಲ್ಲಿ 2002ರ ಒಪ್ಪಂದದಿಂದ ಖೋಮಾನಿ ಸಾನ್ ಜನರಿಗೆ ಜಮೀನು ಮರಳಿತು. ಸೆಂಟ್ರಲ್ ಕಲಹಾರಿಯಿಂದ ಹೊರಹಾಕಲ್ಪಟ್ಟ ಸಾನ್ ಜನರು 2006ರಲ್ಲಿ ಕೋರ್ಟಿನಲ್ಲಿ ಗೆದ್ದರು. ಅವರೊಂದಿಗೆ ನಡೆಯುವ ಅವಕಾಶ ಸಿಕ್ಕರೆ ಬಿಡಬೇಡಿ, ಸುಮ್ನೆ ಫೋಟೋ ತೆಗೆದು ಬರಬೇಡಿ.