ಸಂಪಂಗಿ ಕೆರೆ ಹುಡುಕಲು ಎಲ್ಲಿಗೆ ಹೋಗಬೇಕು: ವಿಧಾನಸೌಧಕ್ಕೋ, ಕಬ್ಬನ್ ಪಾರ್ಕಿಗೋ?

ಕಂಠೀರವ ಸ್ಟೇಡಿಯಂ ಇರುವ ಜಾಗದಲ್ಲಿ ಒಂದು ಕಾಲಕ್ಕೆ ಸಂಪಂಗಿ ಕೆರೆ ಇತ್ತು. ಈಗ ಉಳಿದಿರುವುದು ಕರಗದ ಪೂಜೆಗೆ ಬೇಕಾಗುವ ಸಣ್ಣ ಕೊಳ ಮಾತ್ರ. ಅಷ್ಟು ದೊಡ್ಡ ಕೆರೆ ಹೇಗೆ ಹೋಯ್ತು ಅಂತ ತಲೆಗೆ ಹುಳ ಬಿಟ್ಟುಕೊಂಡೆ.

ಮೊದಲು ಹಳೇ ಸರ್ಕಾರಿ ಕಡತಗಳನ್ನು ಇಡುವ, ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋದೆ. ಅದೇ ನಾನು ಮಾಡಿದ ತಪ್ಪು. ಗುರುತಿನ ಚೀಟಿ ಮನೆಯಲ್ಲೇ ಮರೆತಿದ್ದೆ, ಒಂದು ದಿನ ಸುಮ್ನೆ ಹೋಯ್ತು. ಮಾರನೇ ದಿನ ಅರ್ಜಿ ಕೊಟ್ಟು ಕೂತರೆ, "ಯಾವ ಇಲಾಖೆ, ಯಾವ ವರ್ಷದ್ದು ಸಾರ್?" ಅಂದರು. "ಕೆರೆ" ಅಂದೆ. ಆ ಉತ್ತರದಿಂದ ಯಾರಿಗೆ ಏನು ಹುಡುಕಿಕೊಡಲು ಆಗುತ್ತೆ ಹೇಳಿ!

ಅಲ್ಲಿಂದ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ ನಡೆದೆ. 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಇಲ್ಲಿ ಹೆಚ್ಚು ತಾಪತ್ರಯ ಇಲ್ಲ. ಹಳೇ ಗೆಜೆಟಿಯರ್ ತಿರುವಿದೆ, ಮಧ್ಯಾಹ್ನದೊಳಗೆ ಕಥೆಯ ಎಳೆ ಸಿಕ್ಕಿತು. 1894ರಲ್ಲಿ ಹೆಸರಘಟ್ಟದಿಂದ ಊರಿಗೆ ನೀರು ಬಂತು, ಊರೊಳಗಿನ ಕೆರೆಗಳನ್ನು ಕೇಳುವವರು ಕಡಿಮೆಯಾದರು. ಆಗ ದಿವಾನರು ಯಾರು? ಇದೇ ಶೇಷಾದ್ರಿ ಅಯ್ಯರ್! ಅವರ ಪ್ರತಿಮೆ ಹೊರಗೇ ನಿಂತಿದೆ. ಒಂದು ಕ್ಷಣ ಮುಖ ಮುಖ ನೋಡಿಕೊಂಡೆವು.

ಇತಿಹಾಸ ಸಂಶೋಧನೆಯ ಹಳೇ ಸಂಸ್ಥೆ ಮಿಥಿಕ್ ಸೊಸೈಟಿಯೂ ಹತ್ತಿರದಲ್ಲೇ, ನೃಪತುಂಗ ರಸ್ತೆಯಲ್ಲಿದೆ. ಶಾಸನ ಬೇಕಿದ್ದವರು ಅಲ್ಲಿಗೆ ಹೋಗಿ. ನನ್ನ ಕೆರೆಯ ತಕರಾರು ಅಷ್ಟು ಹಳೆಯದಲ್ಲ, ಬಿಟ್ಟೆ.

ವರ್ಷ ಗೊತ್ತಾದ ಮೇಲೆ ಮತ್ತೆ ಪತ್ರಾಗಾರಕ್ಕೆ ಹೋದೆ. ಈ ಸಲ ಪಟ್ಟಿ ನೋಡಿ ನಂಬರ್ ಬರೆದುಕೊಟ್ಟೆ. ಈ ಕಡತಗಳನ್ನು ಬರೆದ ಮೈಸೂರು ಸರ್ಕಾರದ ಕಚೇರಿ ಮೊದಲು ಟಿಪ್ಪು ಅರಮನೆಯಲ್ಲಿತ್ತು, 1868ರಲ್ಲಿ ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿಗೆ ಹೋಯ್ತು, 1956ರಲ್ಲಿ ವಿಧಾನಸೌಧ ಮುಗಿದ ಮೇಲೆ ರಸ್ತೆ ದಾಟಿತು. ಕಡತದ ದಾರ ಬಿಚ್ಚಿದರೆ ಮೇಜಿನ ಮೇಲೆ ಕಂದು ಪುಡಿ ಉದುರಿತು. ಪುಸ್ತಕದಲ್ಲಿ ಎರಡು ಸಾಲಲ್ಲಿ ಮುಗಿದಿದ್ದು ಇಲ್ಲಿ ಹಾಳೆಗಟ್ಟಲೆ. ಒಬ್ಬರು ಬರೆದ ಟಿಪ್ಪಣಿಯ ಅಂಚಿನಲ್ಲಿ ಇನ್ನೊಬ್ಬರು ಬೇರೆ ಶಾಯಿಯಲ್ಲಿ ತಕರಾರು ಬರೆದಿದ್ದಾರೆ. ಅದರ ಕೆಳಗೆ ಮೂರನೆಯವರ ಬರೀ ಸಹಿ. ಕೈಬರಹ ಓದಲು ಕಣ್ಣು ನೋವು ಬಂತು, ಆದರೂ ಏಳಲು ಮನಸ್ಸಾಗಲಿಲ್ಲ.

ಒಂದೇ ದಿನ ಇದ್ದರೆ ಕೆಂಪು ಕಟ್ಟಡ ಸಾಕು. ಕೇಳಿದರೆ ನನ್ನ ಓಟು ಮಾತ್ರ ಪತ್ರಾಗಾರಕ್ಕೆ. ಪೆನ್ಸಿಲ್ ಇಟ್ಟುಕೊಳ್ಳಿ, ಗುರುತಿನ ಚೀಟಿ ಮರೆಯಬೇಡಿ. ನಾನು ಇನ್ನೂ ನಾಲ್ಕು ಕಡತದ ನಂಬರ್ ಬರೆದಿಟ್ಟುಕೊಂಡಿದ್ದೇನೆ.